ಯುದ್ಧವಿಲ್ಲದ ಪ್ರಸಂಗ

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ತಮ್ಮನ ಹೆಸರಿಗೆ ಒಂದು ಕಾಗದ ಬಂತು. ಅವನು ಯುದ್ಧದಲ್ಲಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಹೆಸರಿನ ಮೊದಲು 'ಶ್ರೀ' ಹಚ್ಚಿ, ನಿಮ್ಮ ಹರಕೆ ಆಟದ ಪಾಳಿ ಈ ವರ್ಷ ಬಂದಿದೆ, ಬಂದು ದಿನ ನಿಶ್ಚಯ ಮಾಡಿಕೊಳ್ಳಿ ಎಂದು ಯಕ್ಷಗಾನ ಮೇಳದವರು ಬರೆದಿದ್ದರು. ಓದಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೇಳದವರದೇನೂ ತಪ್ಪಿಲ್ಲ. ಆ ಹೆಸರು ಬರೆಸಿದವಳೇ ನಾನು.

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸದು. ಮಕ್ಕಳಾಗಲಿ, ಕಾಯಿಲೆ ವಾಸಿಯಾಗಲಿ ಎಂದು ದೇವಿಗೆ ಒಂದು ಯಕ್ಷಗಾನದ ಆಟ ಹರಕೆ ಹೇಳಿಕೊಳ್ಳುವುದು ಇಲ್ಲಿ ಮನೆಮನೆಯ ರೂಢಿ. ಹೇಳಿಕೊಂಡವರು ಸಾವಿರ, ಮೇಳ ತಿರುಗುವುದು ವರ್ಷಕ್ಕೆ ಆರು ತಿಂಗಳು. ಮಗು ಹುಟ್ಟಿದಾಗ ಹೆಸರು ಬರೆಸಿದರೆ ಆಟ ಅದರ ಮದುವೆಯ ಹೊತ್ತಿಗೆ. ಹಾಗಾಗಿ ಬುದ್ಧಿವಂತರು ಕೇಳಿಕೊಂಡದ್ದು ನೆರವೇರುವ ಮೊದಲೇ ಬರೆಸಿಡುತ್ತಾರೆ. ನಾನೂ ಬುದ್ಧಿವಂತೆಯೇ. ಗಡಿಯ ಬೆಟ್ಟಗಳಲ್ಲಿ ಯುದ್ಧ ಶುರುವಾಗಿದೆ, ತಮ್ಮ ಅಲ್ಲೇ ಇದ್ದಾನೆ ಎಂದು ಗೊತ್ತಾದ ದಿನ ಅಮ್ಮ ಉಪ್ಪುಂದದ ಮನೆಯಂಗಳದಲ್ಲಿ ನಿಂತು, ಮಗ ಜೀವಂತ ಬಂದರೆ ಆಟ ಆಡಿಸುತ್ತೇನೆ ಎಂದು ಕೈಮುಗಿದಳು. ಮರುದಿನವೇ ನಾನು ಬಸ್ಸು ಹತ್ತಿ ಹೋಗಿ ಅವನ ಹೆಸರಲ್ಲೇ ಬರೆಸಿ ಬಂದೆ. ಬಂದವನು ತಾನೇ ಮುಂದೆ ನಿಂತು ಆಡಿಸಲಿ ಅಂತ. ಹನ್ನೊಂದು ದಿನ ಕಳೆಯುವುದರೊಳಗೆ ಅವನು ಹೋದ.

ಅವನು ಸೇನೆ ಸೇರಿದ್ದು ಹೋಟೆಲಿನಿಂದ ತಪ್ಪಿಸಿಕೊಳ್ಳಲು. ನಮ್ಮ ಮನೆಗಳಲ್ಲಿ ಗಂಡುಮಕ್ಕಳು ಮೀಸೆ ಮೂಡುವ ಮೊದಲೇ ಮುಂಬೈಯಲ್ಲಿ ಯಾರಾದರೊಬ್ಬ ಮಾವನ ಹೋಟೆಲು ಸೇರಬೇಕು. ಇವನು ಆರು ತಿಂಗಳಿಗೇ ಓಡಿ ಬಂದ. "ಆ ಮಾವ ಗಿರಾಕಿ ಕಂಡ್ರ್ ಮಾತ್ರ ನಗುದ್ ಅಕ್ಕ, ನಮ್ಮನ್ ಕಂಡ್ರ್ ಇಲ್ಲೆ" ಎಂದ. ಆಮೇಲೆ ದಿನಾ ಕಡಲ ಬದಿಯ ಮರಳಿನಲ್ಲಿ ಓಡಿ ಓಡಿ ಸೇನೆಗೆ ಆಯ್ಕೆಯಾದ. ಬೆಟ್ಟದಿಂದ ಅವನು ಬರೆಯುತ್ತಿದ್ದ ಕಾಗದಗಳಲ್ಲಿ ದೇಶದ ಮಾತೇ ಇರುತ್ತಿರಲಿಲ್ಲ. ಇಲ್ಲಿ ಕುಚ್ಚಲಕ್ಕಿ ಗಂಜಿ ಇಲ್ಲ, ಬಂಗುಡೆ ಮೀನು ಇಲ್ಲ, ಚಳಿ ಮಾತ್ರ ಧಾರಾಳ, ಸ್ವಲ್ಪ ಕಟ್ಟಿ ಕಳುಹಿಸಲಾ ಎಂದು ಕೇಳುತ್ತಿದ್ದ. ಈಗ ವರ್ಷಕ್ಕೊಮ್ಮೆ ಅವನ ಫೋಟೋಗೆ ಹಾರ ಹಾಕಿ ಭಾಷಣದಲ್ಲಿ ಹುಲಿ, ಸಿಂಹ ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷದ ಹುಡುಗ, ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದ. ಸತ್ತ ಮೇಲೂ ಅವನನ್ನು ಅವನ ಪಾಡಿಗೆ ಬಿಡುವುದಿಲ್ಲ ಈ ಜನ.

ಕಾಗದ ಹಿಡಿದುಕೊಂಡು ಬ್ರಹ್ಮಾವರದ ನನ್ನ ಮನೆಯಿಂದ ಉಪ್ಪುಂದಕ್ಕೆ ಹೋದೆ. ಅಮ್ಮ ಅಣ್ಣನ ಸಂಸಾರದೊಂದಿಗೆ ಅಲ್ಲೇ ಇದ್ದಾಳೆ. "ದೇವಿ ಅವ್ಳ್ ಕೆಲ್ಸ ಮಾಡ್ಲಿಲ್ಲ, ನಾವ್ ಎಂತಕ್ಕೆ ಆಡ್ಸುದ್? ಪಾಳಿ ಬೇರೆಯವ್ರಿಗೆ ಬಿಟ್ ಕೊಡ್ವ" ಎಂದೆ. ಎಂಬತ್ತು ದಾಟಿದ ಅಮ್ಮ ಊರೆಲ್ಲ ಸೇರಿದ ಕಡೆ ಕುರ್ಚಿಯಲ್ಲಿ ಕೂತು ಕುಸಿದುಹೋದರೆ ಏನು ಗತಿ ಎಂಬುದೇ ನನ್ನ ಹೆದರಿಕೆ. ಸಾವಿನ ಸುದ್ದಿ ಬಂದ ದಿನ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಒಳಗೆ ಕಟ್ಟಿಕೊಂಡದ್ದು ಎಲ್ಲಿ, ಯಾವಾಗ ಒಡೆಯುತ್ತದೋ ಎಂದು ಅಂದಿನಿಂದಲೂ ಕಾದಿದ್ದೇನೆ.

ಅಮ್ಮ ಜಗ್ಗಲಿಲ್ಲ. "ಹೇಳ್ಕಂಡದ್ದ್ ನಾನ್. ಅವ್ಳ್ ನಡ್ಸ್ಲಿಲ್ಲ ಅಂದೇಳಿ ನಾನೂ ಮಾತ್ ತಪ್ಪುದಾ? ಆರೆ ಒಂದ್, ಯುದ್ಧ ಇಲ್ದಿದ್ ಪ್ರಸಂಗ ಆಯ್ಕ್" ಎಂದು ಷರತ್ತು ಹಾಕಿದಳು.

ದಿನ ನಿಶ್ಚಯಕ್ಕೆ ಇಬ್ಬರೂ ಹೋದೆವು. ಮೇಳದ ಮ್ಯಾನೇಜರು ಒಳ್ಳೆಯ ಮನುಷ್ಯ. ಅಮ್ಮನನ್ನು ಕೂರಿಸಿ, ಚಾ ತರಿಸಿ, ಆಮೇಲೆ ತಲೆ ಕೆರೆದುಕೊಂಡರು. "ಯುದ್ಧ ಇಲ್ದಿರ್ ಚಂಡೆಗೆ ಕೆಲ್ಸ ಎಲ್ಲಿತ್ತ್ ಅಮ್ಮಾ?" ಎಂದರು. ಒಂದೊಂದೇ ಪ್ರಸಂಗ ಹೇಳುತ್ತಾ ಹೋದರು. ಒಂದರಲ್ಲಿ ಹದಿನಾರರ ಹುಡುಗನನ್ನು ಸುತ್ತುಗಟ್ಟಿ ಕೊಲ್ಲುತ್ತಾರೆ. ಅದನ್ನು ಅರ್ಧಕ್ಕೇ ನುಂಗಿಕೊಂಡರು. ಇನ್ನೊಂದರಲ್ಲಿ ಅಪ್ಪ ಮಗನೇ ಬಾಣ ಹಿಡಿದು ನಿಲ್ಲುತ್ತಾರೆ. ಮದುವೆಯ ಕಥೆಯಲ್ಲೂ ಹುಡುಗಿಯ ಕಡೆಯವರು ರಥ ಏರಿ ಬರುತ್ತಾರೆ.

"ಮದಿಗೂ ಯುದ್ಧವಾ?" ಎಂದಳು ಅಮ್ಮ.

"ಮದಿ ಅಂದ್ರೇ ಯುದ್ಧ ಅಲ್ದಾ ಅಮ್ಮಾ" ಎಂದರು ಮ್ಯಾನೇಜರು. ಅಮ್ಮನೂ ನಕ್ಕಳು. ಕೊನೆಗೆ ಅವರೇ ದಾರಿ ತೋರಿಸಿದರು. ದೇವಿ ರಾಕ್ಷಸನನ್ನು ಕೊಲ್ಲುವ ಪ್ರಸಂಗ. "ಯುದ್ಧ ಇತ್ತ್, ಆರೆ ಸಾಯುದ್ ರಾಕ್ಷಸ. ಅಂವ ಸತ್ರ್ ಯಾರಿಗೂ ಬೇಜಾರಿಲ್ಲೆ." ಅಮ್ಮ ಆಗಲಿ ಎಂದಳು. ನನಗೂ ಎದೆಯ ಭಾರ ಇಳಿಯಿತು.

ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಹಾಕಿದರು. ಈಗ ಬೆಳಗಿನವರೆಗೆ ಆಡುವುದಿಲ್ಲ, ಸಂಜೆಯೇ ಶುರು. ವೇಷ ಕಟ್ಟುವ ಚೌಕಿಯಲ್ಲಿ ಪೂಜೆ ನಡೆದು, ತಮ್ಮನ ಹೆಸರು ಕೂಗಿದಾಗ ಪ್ರಸಾದಕ್ಕೆ ಅಮ್ಮನೇ ಕೈಯೊಡ್ಡಿದಳು. ಆಮೇಲೆ ಎದುರಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ರಾಕ್ಷಸನಿಗೆ ಒಬ್ಬ ತಾಯಿ ಇದ್ದಾಳೆ ಎಂಬುದನ್ನು ಮ್ಯಾನೇಜರು ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಮುಖದ ತುಂಬ ಬಣ್ಣ, ದೊಡ್ಡ ಕಿರೀಟದ ಆ ವೇಷ ತಾಯಿಯ ಎದುರು ಬಗ್ಗಿ, ಯುದ್ಧಕ್ಕೆ ಹೊರಟಿದ್ದೇನೆ ಎಂದಿತು. ಅವಳು ಮಗನ ಹಣೆಗೆ ತಿಲಕ ಇಟ್ಟು, ಗೆದ್ದು ಬಾ ಎಂದಳು. ನಾನು ಅಮ್ಮನ ಕಡೆ ಕದ್ದು ನೋಡಿದೆ. ಅವಳು ರಂಗಸ್ಥಳವನ್ನೇ ನೋಡುತ್ತಿದ್ದಳು. ತಾಯಿಯ ವೇಷ ಒಳಗೆ ಹೋಯಿತು. ಚಂಡೆ ಬಿರುಸಾಯಿತು, ದೇವಿ ಬಂದಳು, ರಾಕ್ಷಸ ಬಿದ್ದ. ಗದ್ದೆಯಿಡೀ ಶಿಳ್ಳೆ, ಚಪ್ಪಾಳೆ. ಎಲ್ಲ ಸಸೂತ್ರ ಮುಗಿಯಿತಲ್ಲ ಎಂಬ ಸಮಾಧಾನಕ್ಕೆ ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ.

ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಹೆಣೆ, ಆ ರಾಕ್ಷಸನ್ ಅಮ್ಮ ಇನ್ನೂ ಕಾಯ್ತಾ ಇರ್ತ್ಲ್ ಅಲ್ದಾ? ಅವ್ಳಿಗೆ ಹೇಳುಕೆ ಯಾರ್ ಹೋತ್ರ್?"

"ಯಾರೂ ಹೋತ್ರಿಲ್ಲೆ ಅಮ್ಮ. ಪ್ರಸಂಗದಗೆ ಅದಿಲ್ಲೆ" ಎಂದೆ.

ನಮ್ಮ ಮನೆಗೆ ಸಾವಿನ ಸುದ್ದಿ ಹೇಳಲು ಜೀಪಿನಲ್ಲಿ ನಾಲ್ಕು ಮಂದಿ ಬಂದಿದ್ದರು. ಬೆಟ್ಟದ ಆಚೆ ಬದಿಯಲ್ಲಿ ಸತ್ತ ಹುಡುಗರ ಮನೆಗಳಿಗೆ ಯಾರು ಹೋದರೋ, ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಅಮ್ಮ ಅಳುತ್ತಿದ್ದಳು. ತನ್ನ ಮಗನಿಗೆ ಅಳದೆ ಉಳಿದವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ರಾಕ್ಷಸನ ತಾಯಿ ಒಳಗೆ ಹೋದ ಕಡೆಯೇ ನೋಡುತ್ತಾ ಅಳುತ್ತಿದ್ದಳು.