ಸಂಜೆಯ ಬಸ್ಸಿಗೆ ಬರಬೇಕಾದ ನಾನು

ನಾನು ಬಹಳ ದಿನ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತು ನನ್ನ ದಾರಿಯನ್ನೇ ನಾನು ನೋಡಿದ್ದೇನೆ. ಈ ಮಾತು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ‘ಯಾವಾಗಿಂದ ಹಿಂಗ್ರಿ?’ ಎಂದು ಕೇಳುವವರ ಹಾಗೆ ನಮ್ಮ ಮನೆಯವರ ಮುಖ ನೋಡುತ್ತಾರೆ. ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೆ. ನಿಮ್ಮ ಮನೆಯಲ್ಲೂ ಎಂದಾದರೂ ಒಂದು ಪ್ರಾಣಿ ಮುದಿಯಾಗಿ, ನಿಮ್ಮ ಕೈಯಲ್ಲೇ ಹಣ್ಣಾಗಿದ್ದರೆ ನಿಮಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ನವಲಗುಂದದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಮ್ಮ ಹಳ್ಳಿ ಅಲ್ಲಿಂದ ಅಣ್ಣಿಗೇರಿಯ ಕಡೆಗೆ, ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಇದೆ. ನೌಕರಿ ಇರುವ ತನಕ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದೆ. ಆ ಸಂಜೆಯ ಬಸ್ಸಿಗೆ ತಪ್ಪದೆ ಬಂದು ನಿಲ್ಲುತ್ತಿದ್ದವನು ನಮ್ಮ ನಾಯಿ, ಚಿಗರಿ. ಜಿಂಕೆಗೆ ನಮ್ಮ ಕಡೆ ಚಿಗರಿ ಅನ್ನುತ್ತೇವೆ. ಇವನು ಮರಿಯಿದ್ದಾಗ ಹೆಸರುಕಾಳಿನ ಹೊಲಕ್ಕೆ ನುಗ್ಗಿದ ಚಿಗರಿಗಳ ಬೆನ್ನು ಹತ್ತಿ, ಅವು ಇವನನ್ನು ಲೆಕ್ಕಕ್ಕೇ ಹಿಡಿಯದೆ ಜಿಗಿದು ಹೋದದ್ದರಿಂದ, ಚೇಷ್ಟೆಗೆ ಆ ಹೆಸರೇ ಇವನಿಗೆ ಅಂಟಿಕೊಂಡಿತು.

ನಾನು ಬಸ್ಸಿಳಿದ ಕೂಡಲೇ ಅವನು ನನ್ನ ಕೈ ಮೂಸುತ್ತಿದ್ದ. ಕೈಗೆ ಸ್ಪಿರಿಟ್ಟಿನ ವಾಸನೆ, ಸೀರೆಗೆ ಫಿನೈಲಿನ ವಾಸನೆ. ಅದು ನಾನೇ ಎಂದು ಖಾತ್ರಿ ಮಾಡಿಕೊಂಡು ಬುತ್ತಿಯ ಚೀಲಕ್ಕೆ ಮೂಗು ಹಾಕುತ್ತಿದ್ದ. ಅದರಲ್ಲಿ ಅವನಿಗೆಂದೇ ಉಳಿಸಿದ ಒಂದು ತುಣುಕು ರೊಟ್ಟಿ ಇರುತ್ತಿತ್ತು. ತಿಂದು, ಬಾಲ ನಿಗುರಿಸಿ ಮುಂದೆ ನಡೆದು, ಓಣಿಯ ನಾಯಿಗಳನ್ನೆಲ್ಲ ಬದಿಗೆ ಸರಿಸಿ ನನ್ನನ್ನು ಮನೆ ಮುಟ್ಟಿಸುತ್ತಿದ್ದ. ಆಸ್ಪತ್ರೆಯಲ್ಲಿ ದಿನವಿಡೀ ಎಲ್ಲರ ಬಾಯಿಗೂ ಈಡಾದ ನಾನು, ಆ ಹತ್ತು ಹೆಜ್ಜೆಯ ದಾರಿಯಲ್ಲಿ ಜಿಲ್ಲಾಧಿಕಾರಿಯ ಗತ್ತಿನಲ್ಲಿ ನಡೆಯುತ್ತಿದ್ದೆ.

ನಮ್ಮ ಭಾಷೆ ನಾಯಿಗೆ ಅಂಥ ನ್ಯಾಯವನ್ನೇನೂ ಮಾಡಿಲ್ಲ. ಕಷ್ಟಕ್ಕೆ ಬಿದ್ದವನದು ನಾಯಿಪಾಡು, ಎಷ್ಟು ತಿದ್ದಿದರೂ ತಿದ್ದಿಕೊಳ್ಳದವನದು ನಾಯಿ ಬಾಲ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬ ಗಾದೆಯನ್ನು ಕಟ್ಟಿದವನು ನಾಯಿ ಗಂಟೆಗಟ್ಟಲೆ ನಿಂತು ಕಾಯುವುದನ್ನು ನೋಡಿರಲಿಲ್ಲ ಎಂದು ಕಾಣುತ್ತದೆ. ಇತ್ತ ಮೈಲಾರಲಿಂಗನ ಒಕ್ಕಲಾದ ವಗ್ಗಯ್ಯಗಳು ಕರಿ ಕಂಬಳಿ ಹೊದ್ದು, ತಾವು ದೇವರ ನಾಯಿಗಳು ಎಂದು ಬೊಗಳುತ್ತಾ ಬಂದು, ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ್ದನ್ನು ಬಾಯಿ ಹಚ್ಚಿಯೇ ಉಣ್ಣುತ್ತಾರೆ. ನಮ್ಮ ಅತ್ತೆ ಅವರ ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತಿದ್ದರು. ವಗ್ಗಯ್ಯಗಳು ಓಣಿ ದಾಟುವಷ್ಟರಲ್ಲಿ ಅತ್ತೆ, ಹೊಸ್ತಿಲ ಮೇಲೆ ಕಾಲಿಟ್ಟನೆಂದು ಚಿಗರಿಗೆ ಕಟ್ಟಿಗೆ ಬೀಸುತ್ತಿದ್ದರು. ಕೇಳಿದರೆ, ‘ದೇವರ ನಾಯಿ ಬ್ಯಾರೆ, ಮನಿ ನಾಯಿ ಬ್ಯಾರೆ’ ಎನ್ನುತ್ತಿದ್ದರು. ಅದೇ ಅತ್ತೆ ಹಾಸಿಗೆ ಹಿಡಿದಾಗ ಮಂಚದ ಕೆಳಗಿನಿಂದ ಕದಲದವನು ಮನೆ ನಾಯಿಯೇ.

ನಾನು ನಿವೃತ್ತಿಯಾದ ಕೆಲವು ವರ್ಷಕ್ಕೆ ಅವನ ಹಿಂಗಾಲು ಸೋತವು. ಮೊದಲು ಕಟ್ಟೆ ಹತ್ತುವಾಗ ಜಾರಿದ, ಆಮೇಲೆ ನಡೆಯುವಾಗ ಕಾಲು ಎಳೆದ, ಒಂದು ಮುಂಜಾನೆ ಏಳಲೇ ಇಲ್ಲ. ದನದ ಡಾಕ್ಟರು ಬಂದು ಬೆನ್ನೆಲುಬು ಒತ್ತಿ ನೋಡಿ, ಇದಕ್ಕೆ ಔಷಧ ಇಲ್ಲ, ವಯಸ್ಸು ಎಂದರು. ನೀವು ಹೇಳಿದರೆ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಬಹುದು ಎಂದೂ ಮೆಲ್ಲಗೆ ಅಂದರು. ಊರಿನ ಅರ್ಧ ಮಂದಿಗೆ ಸೂಜಿ ಚುಚ್ಚಿದ ನಾನು ಸೂಜಿಯ ಹೆಸರು ಕೇಳಿ ಅಡುಗೆಮನೆಗೆ ಎದ್ದು ಹೋದೆ. ನಮ್ಮ ಮನೆಯವರೇ, ‘ಉಣ್ಣಾಕತ್ತಾನ್ರಿ ಡಾಕ್ಟರ, ಇರ್ಲಿ ಬಿಡ್ರಿ’ ಎಂದು ಕಳಿಸಿಕೊಟ್ಟರು.

ನಮ್ಮ ಮನೆಯವರು ಒಕ್ಕಲುತನದವರು. ಮುರಿದದ್ದನ್ನೆಲ್ಲ ತಂತಿ ಬಿಗಿದು ನಡೆಸಬಹುದು ಎಂಬ ನಂಬಿಕೆಯವರು. ಕೂಸುಗಳು ಹಿಡಿದು ನಡೆಯಲು ಕಲಿಯುವ ಮೂರು ಗಾಲಿಯ ಕಟ್ಟಿಗೆಯ ಗಾಡಿ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಕೊಯ್ದು, ಬಡಿದು, ಚಿಗರಿಯ ಸೊಂಟಕ್ಕೆ ಕಟ್ಟಿದರು. ಅಂಗಳದಲ್ಲಿ ಅಗದಿ ಚೆನ್ನಾಗಿ ಓಡಿತು. ಮರುದಿನ ಮಳೆಯಾಯಿತು. ಎರಿ ಮಣ್ಣಿನ ಗುಣ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಒಣಗಿದಾಗ ಅದು ಕಾಲನ್ನು ಬಿರುಕಿನಲ್ಲಿ ನುಂಗುತ್ತದೆ, ತೊಯ್ದಾಗ ಕಾಲಿಗೆ ಅಂಟಿಕೊಂಡು ಮನೆಗೇ ಬರುತ್ತದೆ. ಓಣಿಯ ಮಣ್ಣೆಲ್ಲ ಗಾಲಿಗೆ ಮೆತ್ತಿ, ಗಾಡಿ ನಿಂತಲ್ಲಿ ನಿಂತು, ಚಿಗರಿ ತಿರುಗಿ ನಮ್ಮ ಮನೆಯವರನ್ನು ಒಮ್ಮೆ ನೋಡಿದ. ಆ ನೋಟದ ನಂತರ ಅವರು ಗಾಡಿಯ ಮಾತೆತ್ತಲಿಲ್ಲ.

ಕೊನೆಗೆ ಉಪಯೋಗಕ್ಕೆ ಬಂದದ್ದು ನನ್ನ ಹಳೆಯ ಇಳಕಲ್ ಸೀರೆ. ಅದನ್ನು ಮಡಚಿ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಹಿಡಿದು ಹಿಂಭಾಗ ಎತ್ತಿದರೆ ಅವನು ಮುಂಗಾಲ ಮೇಲೆ ನಡೆಯುತ್ತಿದ್ದ. ಅವನು ಮುಂದೆ, ಬಾಗಿದ ಬೆನ್ನಿನ ನಾನು ಹಿಂದೆ. ಅವನಿಗೆ ಸೊಂಟ ಇಲ್ಲ, ನನಗೆ ಮೊಣಕಾಲು ಇಲ್ಲ, ಇಬ್ಬರೂ ಸೇರಿ ಹೇಗೋ ಒಂದು ಪ್ರಾಣಿಯಾಗಿ ನಡೆಯುತ್ತಿದ್ದೆವು. ಮನೆಗೆ ಬಂದ ಮೇಲೆ ವಾರ್ಡಿನ ಕೆಲಸವೇ. ಹತ್ತಿ ತುಂಬಿದ ಗೋಣಿಚೀಲದ ಮೇಲೆ ಮಲಗಿಸುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಕೆಳಹೊಟ್ಟೆ ಮೆಲ್ಲಗೆ ಅದುಮಿ ಉಚ್ಚೆ ಮಾಡಿಸುವುದು, ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಉಣಿಸುವುದು. ಹಗಲೆಲ್ಲ ಅವನು ಒಳ್ಳೆಯ ಪೇಶಂಟು.

ತೊಂದರೆ ಶುರುವಾದದ್ದು ಸಂಜೆಗೆ. ಕಣ್ಣಿಗೆ ಪೊರೆ ಬಂದು, ಕಿವಿ ಮಂದವಾದ ಮೇಲೆ, ಹೊತ್ತು ಇಳಿಯುತ್ತಿದ್ದಂತೆ ಅವನು ಕುಂಯ್‌ಗುಡಲು ಹತ್ತಿದ. ಮಗ್ಗುಲು ಬದಲಿಸಿದೆ, ನೀರು ಕುಡಿಸಿದೆ, ನಿಲ್ಲಿಸಲಿಲ್ಲ. ಸೀರೆ ಹಾಕಿ ಎತ್ತಿದರೆ ಅವನು ನನ್ನನ್ನು ಎಳೆದುಕೊಂಡು ಹೋದದ್ದು ಬಸ್ ಸ್ಟ್ಯಾಂಡಿಗೆ. ನವಲಗುಂದದ ಬಸ್ಸು ಬಂತು. ಇಳಿದವರ ಕೈಗಳನ್ನೆಲ್ಲ ಒಂದೊಂದಾಗಿ ಮೂಸಿದ. ಬಸ್ಸು ಹೋಯಿತು, ಜನರೂ ಹೋದರು. ಅವನು ಬಸ್ಸು ಬಂದ ದಾರಿಗೆ ಮುಖ ಮಾಡಿ ಮಲಗಿಬಿಟ್ಟ.

ಅಲ್ಲಿ ಚಹಾದಂಗಡಿ ಇಟ್ಟಿರುವ ಕಾಕಾ ಕೇಳಿದರು, ‘ಯಾರ ದಾರಿ ನೋಡತತ್ರಿ ಇದು?’

‘ನಂದ ನೋಡತತಿ ಕಾಕಾ,’ ಎಂದೆ.

‘ನೀವು ಇಲ್ಲೇ ಅದೀರಲ್ಲ?’

‘ಹೌದು,’ ಎಂದೆ. ಬಗ್ಗಿ ಅವನ ಮೂಗಿನ ಮುಂದೆ ಕೈ ಹಿಡಿದು, ‘ಚಿಗರ್ಯಾ, ನಾ ಇಲ್ಲೇ ಅದೀನಪಾ’ ಎಂದೆ. ಅವನು ನೆಕ್ಕಿದ. ಉಪಕಾರ ಮಾಡಿದ ಪರಸ್ಥಳದವರಿಗೆ ನಾವು ಕೈ ಮುಗಿಯುತ್ತೇವಲ್ಲ, ಹಾಗೆ. ನೆಕ್ಕಿ, ಮತ್ತೆ ದಾರಿಗೆ ಮುಖ ತಿರುಗಿಸಿದ. ನನ್ನ ಕೈಗೆ ಉಳ್ಳಾಗಡ್ಡಿ, ಇಂಗಿನ ಒಗ್ಗರಣೆಯ ವಾಸನೆ. ಅವನು ಕಾಯುತ್ತಿದ್ದವಳು ಸ್ಪಿರಿಟ್ಟಿನ ವಾಸನೆಯವಳು. ಆಸ್ಪತ್ರೆಯವರು ನನಗೆ ಹಾರ ಹಾಕಿ, ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟಿದ್ದರು. ಅವಳು ಇನ್ನು ಬರುವುದಿಲ್ಲ ಎಂದು ಇವನಿಗೆ ಯಾರೂ ಹೇಳಿರಲಿಲ್ಲ.

ಹೀಗೆ ಸಂಜೆಗಳು ಕಳೆದವು. ಅವನ ಜೊತೆ ನಾನೂ ಆ ದಾರಿಯನ್ನು ನೋಡುತ್ತಾ ನಿಂತೆ. ನಿಂತವಳಿಗೆ ಒಂದು ಸಂಕಟ ಶುರುವಾಯಿತು. ಅವಳು ಎಲ್ಲಿ ಹೋದಳು? ನೆಟ್ಟಗಿನ ಬೆನ್ನಿನವಳು, ಬಸ್ಸಿನಿಂದ ಜಿಗಿದು ಇಳಿಯುತ್ತಿದ್ದವಳು, ದಣಿದಿದ್ದರೂ ಮನೆಯಲ್ಲಿ ಹೋಗಿ ಮಾಡಬೇಕಾದ ಹತ್ತು ಕೆಲಸ ನೆನೆಯುತ್ತಾ ಬಿರಬಿರ ನಡೆಯುತ್ತಿದ್ದವಳು. ಅವಳು ಬಂದರೆ ನನಗೂ ಬೇಕಾಗಿತ್ತು.

ವಾರ್ಡಿನಲ್ಲಿ ವಯಸ್ಸಾದವರು ಹೀಗೆ ಹಿಂದಕ್ಕೆ ಹೋಗುವುದನ್ನು ಬಹಳ ನೋಡಿದ್ದೇನೆ. ಮೊಮ್ಮಕ್ಕಳನ್ನು ಕಂಡ ಅಜ್ಜ ಒಬ್ಬರು ಸಂಜೆಯಾದರೆ ನನ್ನನ್ನು ‘ಅವ್ವಾ’ ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದ ಹುಡುಗಿಯರು ‘ಅಜ್ಜಾರ, ಅವರು ನರ್ಸು’ ಎಂದು ತಿದ್ದಿ ಅವರನ್ನು ಅಳಿಸುತ್ತಿದ್ದರು. ನಾನು ‘ಏನಪಾ’ ಎಂದುಬಿಡುತ್ತಿದ್ದೆ. ಅವರು ನಿದ್ದೆ ಹೋಗುತ್ತಿದ್ದರು. ಪರರ ಅವ್ವ ಆಗಬಲ್ಲ ನನಗೆ ನಾನೇ ಆಗಲು ಏನು ಧಾಡಿ ಎಂದು ಒಂದು ದಿನ ಹೊಳೆಯಿತು.

ಮರುದಿನ ಮಧ್ಯಾಹ್ನ ಟ್ರಂಕಿನಿಂದ ಡ್ಯೂಟಿಯ ಬಿಳಿ ಸೀರೆ ತೆಗೆದು ಉಟ್ಟೆ. ಅಂಚಿಗೆ ಫಿನೈಲು ಸವರಿದೆ, ಕೈಗೆ ಸ್ಪಿರಿಟ್ಟು. ಬುತ್ತಿ ಕಟ್ಟಿಕೊಂಡೆ. ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು.

‘ಎಲ್ಲಿಗೆ ಹೊಂಟಿ?’

‘ಡ್ಯೂಟಿಗೆ. ಸಂಜಿ ಬಸ್ಸಿಗೆ ಬರ್ತೀನಿ. ಇವನ್ನ ಸ್ಟ್ಯಾಂಡಿಗೆ ಕರಕೊಂಡು ಬರ್ರಿ.’

ಅವರು ನನ್ನನ್ನೂ ನಾಯಿಯನ್ನೂ ನೋಡಿ, ‘ಲಗೂನ ಬಾ’ ಎಂದಷ್ಟೇ ಅಂದರು.

ನವಲಗುಂದದ ದಾರಿಯಲ್ಲಿ ಹಳ್ಳ ದಾಟಿದರೆ ಒಂದು ಕ್ರಾಸ್ ಇದೆ. ಮಧ್ಯಾಹ್ನದ ಬಸ್ಸಿಗೆ ಅಲ್ಲಿಯ ತನಕ ಹೋಗಿ, ಬೇವಿನ ಗಿಡದ ಕೆಳಗೆ ಕೂತು, ಸಂಜೆಯ ಬಸ್ಸು ಹತ್ತಿ ಮರಳಿದೆ. ಕೈ ಮುಂದೆ ಚಾಚಿಕೊಂಡೇ ಇಳಿದೆ. ನಮ್ಮ ಮನೆಯವರು ಸೀರೆಯ ತುದಿ ಹಿಡಿದು ಬಗ್ಗಿ ನಿಂತಿದ್ದರು. ಚಿಗರಿ ನನ್ನ ಮುಂದಿನ ಹೆಂಗಸಿನ ಕೈ ಮೂಸಿದ, ಬಿಟ್ಟ. ನನ್ನ ಕೈಗೆ ಮೂಗು ತಂದ. ಅಲ್ಲೇ ನಿಲ್ಲಿಸಿದ. ಬಾಲಕ್ಕೆ ಜೀವ ಇರಲಿಲ್ಲ, ಹಾಗಾಗಿ ಅವನ ಮೈಯೆಲ್ಲ ನಡುಗಿತು. ಚೀಲಕ್ಕೆ ಮೂಗು ಹಾಕಿ, ರೊಟ್ಟಿಯ ತುಣುಕನ್ನು ಹಲ್ಲಿಲ್ಲದ ಬಾಯಲ್ಲಿ ಹಿಡಿದುಕೊಂಡು, ಮನೆಯ ಕಡೆ ತಿರುಗಿದ. ನಾನು ಹಿಂದೆ ಅಳುತ್ತಾ ನಡೆದೆ. ಆ ರಾತ್ರಿ ಅವನು ಒಮ್ಮೆಯೂ ಕುಂಯ್ ಎನ್ನಲಿಲ್ಲ.

ಅಂದಿನಿಂದ ಇದೇ ನನ್ನ ನೌಕರಿಯಾಯಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದ್ದರಿಂದ ಸರ್ಕಾರವೂ ನನ್ನ ಕಡೆಗೇ ಇತ್ತು. ಕಂಡಕ್ಟರಿಗೆ ಮಾತ್ರ ತಲೆ ಕೆಟ್ಟಿರಬೇಕು. ಒಂದು ದಿನ ತಡೆಯಲಾರದೆ ಕೇಳಿದ, ‘ಅಕ್ಕಾರ, ದಿನಾ ಕ್ರಾಸಿಗೆ ಹೋಗ್ತೀರಿ, ಬರ್ತೀರಿ. ಅಲ್ಲೇನ್ರಿ ಕೆಲಸ ನಿಮ್ದು?’

‘ಅಲ್ಲೇನಿಲ್ಲಪಾ. ಬರೂದ ನನ್ನ ಕೆಲಸ,’ ಎಂದೆ.

ಇದೆಲ್ಲ ನಾಯಿಗಾಗಿ ಮಾಡಿದ ತ್ಯಾಗ ಎಂದು ನೀವು ತಿಳಿದರೆ ನನಗೆ ಮುಜುಗರ. ಆ ಬೇವಿನ ಗಿಡದ ಕೆಳಗೆ ಕೂತಾಗ, ಹತ್ತು ನಿಮಿಷದ ದಾರಿಯ ಆಚೆ ಒಂದು ಜೀವ ನನ್ನ ಕೈಯ ವಾಸನೆಗಾಗಿ ತಲೆ ಎತ್ತಿದೆ ಎಂದು ನೆನೆದರೆ ಎಷ್ಟು ಸುಖವಾಗುತ್ತಿತ್ತು. ಮನೆಯಲ್ಲಿ ಇರುವವರನ್ನು ಯಾರೂ ಕಾಯುವುದಿಲ್ಲ. ನಿವೃತ್ತಿಯಾದವರ ದುಃಖದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಹಿಂಗಾರಿಯ ಕಡಲೆ ಹೂ ಬಿಡುವ ಹೊತ್ತಿಗೆ ಅವನು ನುಚ್ಚು ಬಿಟ್ಟ. ಒಸಡು ಬೆಳ್ಳಗಾಗಿತ್ತು, ಉಸಿರು ಮೇಲುಮೇಲಕ್ಕೆ ಆಡುತ್ತಿತ್ತು. ಇದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ವಾರ್ಡಿನಲ್ಲಿ ಹೋಗುವವರ ಕೈ ಹಿಡಿದು ಕೂರುವುದನ್ನು ನಾನು ತಪ್ಪಿಸಿದವಳಲ್ಲ. ‘ಇವತ್ತ ನಾ ಹೋಗಂಗಿಲ್ರಿ, ಇವನ ಬಾಜು ಕೂಡ್ತೀನಿ’ ಎಂದೆ.

ನಮ್ಮ ಮನೆಯವರು ಬುತ್ತಿಯ ಚೀಲ ತಂದು ನನ್ನ ಮುಂದಿಟ್ಟು ಅಂದರು, ‘ನೀ ಇಲ್ಲೇ ಕುಂತ್ರ ಅಂವಗ ನೀ ಯಾರೋ. ಹೋಗು. ಹೋದ್ರ ಬರ್ತಿ ಅಂತ ದಾರಿ ನೋಡತಾನ.’

ಹೋದೆ. ಬಿಳಿ ಸೀರೆ ಉಟ್ಟು, ಕೈಗೆ ಸ್ಪಿರಿಟ್ಟು ಹಚ್ಚಿ, ಅವನು ತಿನ್ನಲಾರ ಎಂದು ಗೊತ್ತಿದ್ದೂ ಬುತ್ತಿ ಕಟ್ಟಿಕೊಂಡು ಹೋದೆ. ಸಂಜೆಯ ಬಸ್ಸು ಹೊತ್ತಿಗೆ ಸರಿಯಾಗಿಯೇ ಬಂತು. ಇಳಿದಾಗ ನಮ್ಮ ಮನೆಯವರು ನೆಟ್ಟಗೆ ನಿಂತಿದ್ದರು. ಇಳಕಲ್ ಸೀರೆ ಮಡಚಿ ಅವರ ಹೆಗಲ ಮೇಲಿತ್ತು. ಚಿಗರಿ ಚಹಾದಂಗಡಿಯ ಬಾಜು ನೆರಳಿನಲ್ಲಿ, ದಾರಿಯ ಕಡೆಗೆ ಮುಖ ಮಾಡಿ ಮಲಗಿದ್ದ.

‘ಈಗರೆ, ಬಸ್ಸಿನ ಸಪ್ಪಳ ಬಂತು ನೋಡು, ತಲಿ ಎತ್ತಿದ,’ ಎಂದರು. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ನಂಬಿದೆ, ಈಗಲೂ ನಂಬಿದ್ದೇನೆ. ಮೂಗಿನ ಮುಂದೆ ಕೈ ಹಿಡಿದೆ. ಉಸಿರು ಇದೆಯೇ ಎಂದು ನೋಡುವ ಅಭ್ಯಾಸದ ಕೈ ಅದು, ಆದರೆ ನಾನು ಹಿಡಿದದ್ದು ಅದಕ್ಕಲ್ಲ.

ಹೊಲದಲ್ಲಿ ಬದುವಿನ ಪಕ್ಕ ಮಣ್ಣು ಮಾಡಿದೆವು. ಹಿಂದಿನ ಕಾಲದಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಬೇಟೆ ನಾಯಿಗೆ ನಮ್ಮ ನಾಡಿನಲ್ಲಿ ವೀರಗಲ್ಲು ನಿಲ್ಲಿಸಿದ್ದಾರೆ. ಕಾಯುತ್ತಾ ಸತ್ತವರಿಗೆ ಯಾವ ಕಾಲದಲ್ಲೂ ಕಲ್ಲು ನಿಲ್ಲಿಸಿದ ಹಾಗಿಲ್ಲ. ನಾವೂ ನಿಲ್ಲಿಸಲಿಲ್ಲ. ಮುಂದಿನ ಬಿತ್ತನೆಗೆ ಕೂರಿಗೆ ಅಲ್ಲಿ ಹಾಯದಂತೆ ನಮ್ಮ ಮನೆಯವರು ತಿರುಗಿಸಿಕೊಂಡು ಹೋದದ್ದನ್ನು ಮಾತ್ರ ನೋಡಿದೆ.

ಆಮೇಲೆ ಬಹಳ ದಿನ ನಾನು ಬಸ್ಸು ಹತ್ತಲಿಲ್ಲ. ಎಲ್ಲಿಂದ ಬಂದರೂ ಇಳಿಯಬೇಕಾದದ್ದು ಅದೇ ಸ್ಟ್ಯಾಂಡಿನಲ್ಲಿ ಎಂಬ ಹೆದರಿಕೆ. ಕಡೆಗೆ ಒಂದು ದಿನ ಅಣ್ಣಿಗೇರಿಯಲ್ಲಿ ತಂಗಿಯ ಮನೆಯ ಕಾರ್ಯಕ್ಕೆ ಹೋಗಲೇಬೇಕಾಯಿತು. ಮರಳುವಾಗ ನೆಲ ನೋಡಿಕೊಂಡೇ ಇಳಿದೆ. ತಲೆ ಎತ್ತಿದರೆ ನಮ್ಮ ಮನೆಯವರು.

‘ನೀವ್ಯಾಕ ಬಂದ್ರಿ?’

‘ಎಲಿ ಅಡಿಕಿ ತರಾಕ ಬಂದಿದ್ದೆ.’

ಅವರು ಎಲೆ ಅಡಿಕೆ ತಿನ್ನುವವರಲ್ಲ. ನನ್ನ ನೌಕರಿಯ ಅಷ್ಟೂ ಕಾಲದಲ್ಲಿ, ಮಳೆ ಇರಲಿ ಕತ್ತಲಿರಲಿ, ಒಂದು ದಿನ ಆ ಸ್ಟ್ಯಾಂಡಿಗೆ ಬಂದವರೂ ಅಲ್ಲ. ಈಗ ನಾನು ಎಲ್ಲಿಗೆ ಹೋಗಿ ಬಂದರೂ ಅಲ್ಲಿರುತ್ತಾರೆ. ಒಮ್ಮೆ ಕಡಲೆಯ ಧಾರಣೆ ಕೇಳಲು, ಒಮ್ಮೆ ಸೈಕಲ್ಲಿಗೆ ಗಾಳಿ ಹಾಕಿಸಲು. ಬಸ್ಸಿಗೆ ಬೆನ್ನು ಮಾಡಿ, ಆಚೆಯವರ ಹೊಲದ ಬೆಳೆ ಅಳೆಯುವವರ ಹಾಗೆ ನಿಂತಿರುತ್ತಾರೆ. ನನ್ನ ಚಪ್ಪಲಿಯ ಸಪ್ಪಳಕ್ಕೆ ತಿರುಗಿ, ‘ಬಂದ್ಯಾ? ನಡಿ, ಹೋಗೂಣು’ ಎನ್ನುತ್ತಾರೆ.

ಅಷ್ಟು ಸಂಜೆ ಚಿಗರಿಯ ಹಿಂದೆ ಬಗ್ಗಿ ನಿಂತವರು, ಕಾಯುವುದನ್ನು ಅವನಿಂದ ಅರ್ಧ ಕಲಿತಿದ್ದಾರೆ. ಕಾಯುತ್ತಿದ್ದೇನೆ ಎಂದು ತೋರಿಸಿಕೊಳ್ಳಲು ನಾಚಬಾರದು ಎಂಬ ಉಳಿದ ಅರ್ಧ ಇನ್ನೂ ಬಂದಿಲ್ಲ. ಅದನ್ನೂ ಕಲಿಯಲಿ ಎಂದು ನಾನು ಆಗಾಗ, ಕೆಲಸವಿರಲಿ ಬಿಡಲಿ, ಎಲ್ಲಿಗಾದರೂ ಹೋಗಿ ಬರುತ್ತಿದ್ದೇನೆ.