ಇಲ್ಲದ ಬ್ರೇಕು

ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದ ಅಮ್ಮನಿಗೆ ಪಕ್ಕದ ಸೀಟೇ ಕಚೇರಿ, ಅಲ್ಲಿ ಕಾಲಡಿಗಿದ್ದ ಇನ್ನೊಂದು ಬ್ರೇಕೇ ಪ್ರಾಣ. ಮಗಳ ಕೆಲಸ ರೇಸಿಂಗ್ ಗೇಮಿನ ಕಾರುಗಳಿಗೆ ನಡತೆ ಕಲಿಸುವುದು. ಅವಳು ಪರದೆಯ ಮೇಲೆ ತನ್ನ ಕಾರು ಓಡಿಸಿ ತೋರಿಸಿದಾಗ, ಬಟಾಣಿ ಸುಲಿಯುತ್ತಿದ್ದ ಅಮ್ಮ ಮೂಗು ಮುರಿದಳು.

"ಇದೇನೇ, ರೈಲಿನ ಹಾಗೆ ಹೋಗತ್ತೆ! ಬ್ರೇಕ್ ಒತ್ತಿದ್ರೆ ಭಾರ ಮುಂದಕ್ಕೆ ಬರ್ಬೇಕು, ಹಿಂದಿನ ಚಕ್ರ ಹಗುರ ಆಗ್ಬೇಕು."

ಆಫೀಸಿನವರೆಲ್ಲ ಇಷ್ಟು ಸಾಕು ಎಂದರು. ಮಗಳು ಹಿಡಿದ ಪಟ್ಟು ಬಿಡಲಿಲ್ಲ. ವಾರವೆಲ್ಲ ಟೈರಿನ ಹಿಡಿತ ತಿದ್ದುವುದು, ಭಾನುವಾರ ಅಮ್ಮನನ್ನು ಪರದೆಯ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವುದು. "ಚೆನ್ನಾಗಿದೆ ಬಿಡೇ" ಎಂದು ಅಮ್ಮ ಹೇಳತೊಡಗಿದರೂ ಅವಳು ನಂಬಲಿಲ್ಲ. ಅಮ್ಮನ ಬಾಯಿ ಮಗಳ ಮೇಲಿನ ಅಕ್ಕರೆಗೆ ಸುಳ್ಳು ಹೇಳೀತು, ಬ್ರೇಕಿಗೆ ಪಳಗಿದ ಕಾಲು ಹೇಳದು. ಹನ್ನೊಂದು ಭಾನುವಾರ ಆ ಕಾಲು ಅಲುಗಲಿಲ್ಲ.

ಹನ್ನೆರಡನೆಯ ಭಾನುವಾರ ಇಳಿಜಾರಿನ ತಿರುವಿನಲ್ಲಿ ಮಗಳು ತಡವಾಗಿ ಬ್ರೇಕ್ ಒತ್ತಿದಳು. ಕಾರಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರಿತು.

"ಏಯ್, ನಿಧಾನ!"

ಅಮ್ಮನ ಬಲಗಾಲು ಧಡ್ಡನೆ ನೆಲಕ್ಕೆ ಅಪ್ಪಳಿಸಿತು. ಮಡಿಲಲ್ಲಿದ್ದ ತಟ್ಟೆಯ ಬಟಾಣಿ ಕೋಣೆಯೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಹಲ್ಲು ಕಿಸೀತೀಯಲ್ಲೇ, ಗುದ್ದಿದ್ರೆ ಏನು ಗತಿ?" ಎಂದು ಅಮ್ಮ ಬೈದಳು. ಪರದೆಯ ಕಾರು ಆಗಲೇ ನಿಂತಿತ್ತು. ಅಮ್ಮನ ಕಾಲು ಇನ್ನೂ ನೆಲವನ್ನು ಒತ್ತಿಕೊಂಡೇ ಇತ್ತು.