ರಟ್ಟಿನ ಟೋಪಿಯ ಕ್ಯಾಪ್ಟನ್

ಆಗೆಲ್ಲ ಆಸ್ಟ್ರೇಲಿಯಾ ಅಂದರೆ ನಮಗೆ ಅಡಿಲೇಡ್ ಊರಿನ ಮಾಡ್ಬರಿ, ಮಾಡ್ಬರಿ ಅಂದರೆ ನಮ್ಮ ಬೀದಿಯೊಂದೇ. ಜೂನ್ ಬಂತೆಂದರೆ ಮೂಗು ಸೋರುವ ಚಳಿ. ಆದರೂ ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡದೆ ಸಂಜೆಯೇ ಆಗುತ್ತಿರಲಿಲ್ಲ. ಆಡುತ್ತಿದ್ದವರು ನಾನು, ಪಕ್ಕದ ಮನೆಯ ಟೆಸ್. ನಾವು ಮೈಸೂರಿನವರು, ಅವರು ಫಿಲಿಪೀನ್ಸ್‌ನವರು. ಅವಳೂ ಅದೇ ಆಟವನ್ನು ಅವರಜ್ಜಿಯಿಂದ ಕಲಿತಿದ್ದಳು. ಅದು ಯಾರ ಆಟ ಅಂತ ಜಗಳ ಆಡಿದ್ದೇ ಆಡಿದ್ದು. ಇವತ್ತು ಕೇಳಿದರೂ ನಮ್ಮದೇ ಅಂತೀನಿ.

ಆ ಅಜ್ಜಿಯನ್ನು ನಾನೂ ಲೋಲಾ ಅಂತಲೇ ಕರೆಯುತ್ತಿದ್ದೆ. ಅವರ ಭಾಷೆಯಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. ಸ್ಕೂಲಿಂದ ಬಂದ ತಕ್ಷಣ ಟೆಸ್ ಅವರ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಳ್ಳಬೇಕು, ಆಮೇಲೇ ತಿಂಡಿ. ನಾನು ಅವಳ ಹಿಂದೆ ನಿಂತು ಲೋಲಾ ಕಾಲು ಮುಟ್ಟುತ್ತಿದ್ದೆ. ಒಬ್ಬರು ಹಿರಿಯರಿಗೆ ನಮಸ್ಕಾರ ಮಾಡಿದರೆ ಹಿಂದಿರುವವರೂ ಮಾಡಬೇಕು ಅನ್ನುವುದು ಅಮ್ಮ ಬೆನ್ನಿಗೆ ತಿವಿದು ತಿವಿದು ಕಲಿಸಿದ ಪಾಠ. ಲೋಲಾ ನಗುತ್ತಾ ನನಗಾಗಿ ಮೀನು ಹಾಕದ ಹುಳಿಸಾರು ಬಟ್ಟಲಿಗೆ ಬಡಿಸುತ್ತಿದ್ದರು. ಅಡುಗೆಮನೆ ತುಂಬ ಹುಣಸೆಹಣ್ಣಿನ ಘಮ. ಅಮ್ಮ ಒಮ್ಮೆ ರುಚಿ ನೋಡಿ, ಒಂದು ಚಮಚ ಸಾರಿನಪುಡಿ ಬಿದ್ದಿದ್ದರೆ ನಮ್ಮನೆ ಸಾರೇ ಆಗ್ತಿತ್ತು ಅಂದಿದ್ದಳು.

ಸಾರಿನ ಜೊತೆಗೆ ಕಥೆ. ಲೋಲಾ ಅವರ ತಾತ ಸ್ಪೇನಿನವರ ವಿರುದ್ಧ ಹೊಡೆದಾಡಿದವರಂತೆ. ಮುನ್ನೂರು ವರ್ಷಕ್ಕೂ ಮಿಗಿಲಾಗಿ ಸ್ಪೇನಿನವರು ಅಲ್ಲಿ ತಳ ಊರಿದ್ದರು. ಒಂದು ದ್ವೀಪದಲ್ಲಿ ದಂಗೆ ಎದ್ದರೆ ಬಡಿದು ಮಲಗಿಸುವುದು, ಅಷ್ಟರಲ್ಲಿ ಇನ್ನೊಂದು ದ್ವೀಪ ಏಳುವುದು. ಕೊನೆಗೆ ಇವರು ಬಾವುಟ ಏರಿಸುವ ಹೊತ್ತಿಗೆ ಅಮೆರಿಕದವರು ಬಂದು ಕೂತರು. ಮತ್ತೆ ಮೊದಲಿಂದ ಹೊಡೆದಾಟ. ಅಷ್ಟು ಸಲ ಸೋತು ಸಾಕಾಗಲಿಲ್ಲವಾ ಅಂತ ನಾನು ಕೇಳಿಬಿಟ್ಟೆ. ಲೋಲಾ ಕೆರಳಿದರು. ಸೋತವರು ಎದ್ದು ನಿಲ್ಲಬಾರದು ಅಂತ ನಿನಗೆ ಯಾರು ಹೇಳಿದ್ದು ಅಂತ ಗದರಿದರು.

ಆ ಚಳಿಗಾಲದಲ್ಲೇ ಸ್ಕೂಲಲ್ಲಿ ಸಮುದ್ರಯಾನಿಗಳ ಬಗ್ಗೆ ಒಂದು ನಾಟಕ. ಎತ್ತರ ಇದ್ದೆನೆಂದು ನಾನೇ ಸ್ಪೇನಿನ ಕ್ಯಾಪ್ಟನ್. ರಟ್ಟಿನ ಟೋಪಿ, ಅದಕ್ಕೆ ಅಮ್ಮ ಹೊಲಿದ ಹಳೇ ಸೀರೆಯ ಜರಿ ಅಂಚು. ಟೆಸ್ ದ್ವೀಪದ ರಾಣಿ. ಹೆಸರಿಗೆ ರಾಣಿ, ಒಂದು ಮಾತೂ ಇಲ್ಲ. ನನ್ನ ಮುಂದೆ ಮಂಡಿಯೂರಿ ಮಣಿಸರ ತಗೋಬೇಕು, ಅಷ್ಟೆ. ಟೆಸ್ ಮಂಡಿ ಊರಲ್ಲ ಅಂದಳು. ಹಾಗಾದರೆ ಪಾತ್ರ ಬೇರೆಯವರಿಗೆ ಅಂದರು ಟೀಚರ್. ಅವಳಿಗೋ ಸ್ಟೇಜ್ ಹತ್ತುವ ಹುಚ್ಚು. ಲೋಲಾ ಬೇರೆ ತಮ್ಮ ಊರಿನ ಬಿಳಿ ಉಡುಪಿಗೆ ಇಸ್ತ್ರಿ ಹಾಕಿ ಇಟ್ಟಿದ್ದರು. ಅತ್ತುಕೊಂಡೇ ಒಪ್ಪಿಕೊಂಡಳು.

ವಿಷಯ ತಿಳಿದ ಸಂಜೆ ಲೋಲಾ ಸೌಟು ಕೆಳಗಿಟ್ಟರು. ಬಯ್ಯಲಿಲ್ಲ. ಟೆಸ್ ಗಲ್ಲ ಹಿಡಿದು ಇಷ್ಟೇ ಹೇಳಿದರು.

"ಹಿರಿಯರಿಗೆ ಬಾಗು ಮಗಳೇ. ಹಡಗಿಂದ ಇಳಿದು ಬಂದವನಿಗೆ ಯಾಕೆ?"

ಪಾತ್ರ ಬೇಕೋ ಬೇಡವೋ ನೀನೇ ನೋಡ್ಕೋ ಅಂತ ಮತ್ತೆ ಒಲೆ ಕಡೆ ತಿರುಗಿದರು.

ನಾಟಕದ ದಿನ ಮೊದಲ ಸಾಲಲ್ಲಿ ಲೋಲಾ, ಪಕ್ಕದಲ್ಲಿ ಅಮ್ಮ. ನಾನು ಹಡಗಿಂದ ಇಳಿದು ಮಣಿಸರ ಚಾಚಿದೆ. ಟೆಸ್ ನಿಂತೇ ಇದ್ದಳು. ಮಂಡಿ ಊರು ಅಂತ ಪರದೆ ಹಿಂದಿಂದ ಟೀಚರ್ ಪಿಸುಗುಟ್ಟಿದರು. ನಾನು ಸರವನ್ನು ಇನ್ನಷ್ಟು ಮುಂದಕ್ಕೆ ಹಿಡಿದೆ. ಟೆಸ್ ನನ್ನ ಮುಖವನ್ನೇ ನೋಡಿ, ಇಡೀ ಹಾಲಿಗೆ ಕೇಳುವ ಹಾಗೆ, "ಊರಲ್ಲ" ಅಂದಳು. ಸ್ಟೇಜ್ ಇಳಿದು ಹೋಗಿ ಲೋಲಾ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

ಅಭ್ಯಾಸ ಬಿಡಬೇಕಲ್ಲ, ಕಾಲು ತಾನಾಗೇ ಅವಳ ಹಿಂದೆ ಹೋಯಿತು. ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು, ಸ್ಪೇನಿನ ಕ್ಯಾಪ್ಟನ್ ಬಗ್ಗಿ ಲೋಲಾ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಮೊದಲು ಚಪ್ಪಾಳೆ ಹೊಡೆದವಳು ಅಮ್ಮ, ಆ ಸ್ಕೂಲಲ್ಲಿ ಅಲ್ಲಿಯವರೆಗೆ ಬಾಯಿಯೇ ಬಿಡದಿದ್ದವಳು. ಲೋಲಾ ಕೈ ನನ್ನ ತಲೆ ಮೇಲಿತ್ತು. ಅವರು ಅಳುತ್ತಿದ್ದರು. ನನಗೆ ಖುಷಿಯೋ ಭಯವೋ ಗೊತ್ತಾಗದೆ ನಾನೂ ಅತ್ತೆ.

ಮುಂದಿನ ವರ್ಷ ಟೀಚರ್ ನಮ್ಮಿಬ್ಬರಿಗೂ ಮರದ ಪಾತ್ರ ಕೊಟ್ಟರು. ನಮಗೇನೂ ಬೇಜಾರಾಗಲಿಲ್ಲ. ಮರವೂ ನಿಂತೇ ಇರುತ್ತದಲ್ಲ.

ಈಗ ಲೋಲಾ ಇಲ್ಲ. ಅವರ ಮನೆ ಕೆಡವಿ ಎರಡು ಯೂನಿಟ್ ಮನೆ ಎಬ್ಬಿಸಿದ್ದಾರೆ, ಡ್ರೈವ್‌ವೇ ತುಂಬ ಕಾರು. ಅಮ್ಮನೂ ಹೋಗಿ ಆಯಿತು. ನಮಸ್ಕಾರ ಮಾಡು ಅಂತ ನನ್ನ ಮಗಳ ಬೆನ್ನಿಗೆ ತಿವಿಯೋಣ ಅಂದರೆ ಎದುರಿಗೆ ಹಿರಿಯರೇ ಇಲ್ಲ. ಆ ಹುಳಿಸಾರನ್ನೂ ಮಾಡಿ ನೋಡಿದೆ, ಸಾರಿನಪುಡಿ ಹಾಕಿಯೂ ನೋಡಿದೆ, ಲೋಲಾ ಸಾರೂ ಆಗಲಿಲ್ಲ, ಅಮ್ಮನ ಸಾರೂ ಆಗಲಿಲ್ಲ. ಆಫೀಸಲ್ಲಿ ಹೊಸ ಮ್ಯಾನೇಜರ್ ಬಂದಾಗಲೆಲ್ಲ ನಾನು ತಗ್ಗಿ ಬಗ್ಗಿ ನಡೆಯಲಿ ಅಂತ ಅವರು ಕಾಯುತ್ತಾರೆ. ಕಾಯಲಿ.

ಟೆಸ್ ಈಗ ಪರ್ತ್‌ನಲ್ಲಿ, ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ಶಿಫ್ಟ್ ನೋಡಿಕೊಳ್ಳುತ್ತಾಳೆ. ಫೋನ್ ಮಾಡಿದಾಗಲೆಲ್ಲ ನನ್ನ ಮಂಡಿ ಹೇಗಿದೆ ಅಂತ ವಿಚಾರಿಸುತ್ತಾಳೆ.

"ನೋಯುತ್ತೆ ಕಣೇ," ಅಂತೀನಿ. "ಆದ್ರೂ ಇನ್ನೂ ಊರಿಲ್ಲ."